ಬಾವಿಕಟ್ಟೆಯ ಬಿಸಿಲಿಗೆ ಇಟ್ಟ ಪ್ಲೇಟು

ಬೂಷ್ಟಿನ ವಾಸನೆ ಬಂದರೆ ನೀವು ಮೂಗು ಮುಚ್ಚಿಕೊಳ್ಳುತ್ತೀರಿ, ನಾನು ಕಿವಿ ನಿಮಿರಿಸುತ್ತೇನೆ. ಮೊನ್ನೆ ಅಟ್ಟದಿಂದ ಇಳಿಸಿದ ಮರದ ಪೆಟ್ಟಿಗೆ ತೆರೆದಾಗಲೂ ಹಾಗೇ ಆಯಿತು. ಒಳಗೆ ಗ್ರಾಮಫೋನಿನ ಹಳೆಯ ಪ್ಲೇಟುಗಳು. ಮೊಮ್ಮಗಳು ಒಂದನ್ನು ಎತ್ತಿ, "ಅಜ್ಜೀ, ಇದೆಂತ, ಹಪ್ಪಳವಾ?" ಎಂದಳು. ಅವಳ ಗೆಳತಿಯ ಮನೆಯಲ್ಲಿ ಕೀಲಿ ಕೊಡುವ ಗ್ರಾಮಫೋನು ಇದೆಯಂತೆ. "ನಿಮಗೆ ಬೇಕಾದ ನಾಲ್ಕು ಇಟ್ಟುಕೊಳ್ಳಿ. ಉಳಿದದ್ದು ಅವಳಿಗೆ ಕೊಡುವ." ನಾಲ್ಕು! ಒಂದು ಸೀರೆ ಆರಿಸುವಷ್ಟರಲ್ಲಿ ಅಂಗಡಿಯವರ ಊಟ ತಪ್ಪಿಸುವವಳು ನಾನು.

ಈ ವಿಷಯದಲ್ಲಿ ನನ್ನನ್ನೂ ಮೀರಿಸಿದವರು ನನ್ನ ಮಾವ. ರಾಮಕುಂಜದ ತವರಿನಿಂದ ನಾನು ಮದುವೆಯಾಗಿ ಪುತ್ತೂರಿಗೆ ಬಂದದ್ದು ಅರುವತ್ತರ ದಶಕದ ಆರಂಭದಲ್ಲಿ. ಮಾವ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಸಂಜೆ ಬಂದು ಕಾಲು ತೊಳೆದವರೇ ಜಗಲಿಯಲ್ಲಿ ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದರು. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನೆರೆಮನೆಯ ಬ್ಯಾರಿ ಸಾಹುಕಾರರು, ನಮಗೆಲ್ಲ ಮೋನಾಕ, ಆ ಹೊತ್ತಿಗೆ ಸರಿಯಾಗಿ ಹಾಜರು. ಮಾವನಿಗೆ ಯಕ್ಷಗಾನದ ಪದ ಬೇಕು, ಮೋನಾಕರಿಗೆ ಹಿಂದಿ ಹಾಡು. ಇಬ್ಬರೂ ಜಗಳವಾಡಿಕೊಂಡೇ ಎರಡನ್ನೂ ಕೇಳುತ್ತಿದ್ದರು. ನನ್ನ ಯಜಮಾನರಿಗೆ ಸಂಗೀತವೆಂದರೆ ನಿದ್ದೆಯ ಔಷಧ, ಅವರನ್ನು ಇಲ್ಲಿಗೇ ಬಿಡೋಣ.

ಪ್ಲೇಟು ಆರಿಸುವುದು ಜಗಲಿಯ ವ್ಯವಹಾರ. ಅಡುಗೆಮನೆಗೆ ಎಷ್ಟು ಕೇಳಿಸಿತೋ ಅಷ್ಟು. ಅತ್ತೆಯನ್ನು ಯಾರೂ ಕೇಳಿದವರಿಲ್ಲ, ಅವರೂ ಹೇಳಿದವರಲ್ಲ. ಹೊಸತರಲ್ಲಿ ನಾನೊಮ್ಮೆ, "ನಿಮಗೆ ಯಾವುದು ಇಷ್ಟ ಅತ್ತೆ?" ಎಂದೆ. "ನನಗೆಂತ ಇಷ್ಟ? ಒಗ್ಗರಣೆ ಸೀದು ಹೋಗದಿದ್ರೆ ಸಾಕು" ಎಂದರು.

ಹೀಗಿರುವಾಗ ಮಾವನಿಗೆ ಸುಳ್ಯಕ್ಕೆ ವರ್ಗವಾಯಿತು. ಅಲ್ಲಿ ಸಿಕ್ಕಿದ ಬಾಡಿಗೆ ಮನೆ ಸಣ್ಣದು. ಪ್ಲೇಟು ಒಂದು ಪೆಟ್ಟಿಗೆಯಷ್ಟೇ ಒಯ್ಯುವುದು, ಮಿಕ್ಕದ್ದು ಮೋನಾಕರಿಗೆ ಎಂದು ತೀರ್ಮಾನವಾಯಿತು. ದಿನಾ ಸಂಜೆ ಮಾವ ಆರಿಸಲು ಕುಳಿತರು. ದಿನಾ ಸಂಜೆ ಒಯ್ಯುವ ರಾಶಿಯೇ ಬೆಳೆಯಿತು.

"ಇದನ್ನು ಹೇಗೆ ಬಿಟ್ಟು ಹೋಗುದು ಮಾರಾಯ್ರೆ?"

"ಹಾಗಾದ್ರೆ ನನಗೆ ಉಳಿಯುದು ಎಂತ, ಸೂಜಿಯ ಡಬ್ಬಿಯಾ?" ಎಂದು ಮೋನಾಕ ನಗುತ್ತಿದ್ದರು.

ಆಗಷ್ಟೇ ಮಳೆಗಾಲ ಮುಗಿದಿತ್ತು. ಮಳೆ ಬಿಟ್ಟು ಮೊದಲ ಗಟ್ಟಿ ಬಿಸಿಲು ಬಂತೆಂದರೆ ನಮ್ಮ ಕಡೆ ಮನೆಯೊಳಗಿನದ್ದೆಲ್ಲ ಅಂಗಳಕ್ಕೆ ಬರಬೇಕು. ಹಾಸಿಗೆ, ದಿಂಬು, ಮೆಣಸು, ಕೊಡೆ, ಪುಸ್ತಕ, ಯಾವುದಕ್ಕೂ ವಿನಾಯಿತಿ ಇಲ್ಲ. ಪ್ಲೇಟುಗಳಿಗೂ ಬೂಷ್ಟು ಹಿಡಿದಿತ್ತು. ಹಾಗೇ ಪೆಟ್ಟಿಗೆಗೆ ತುಂಬಿಸುವುದುಂಟೇ? ಮಾವ ಕಚೇರಿಗೆ ಹೋದ ಮೇಲೆ ಅತ್ತೆ ಒಂದೊಂದನ್ನೂ ಒರೆಸಿ, ಮಗುವನ್ನು ಮಲಗಿಸುವಂತೆ ಚಾಪೆಯ ಮೇಲೆ ಮಲಗಿಸಿದರು. ನನಗಾದರೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಪ್ಲೇಟು ಅರಗಿನದ್ದು, ಬಿಸಿಲಿಗೆ ಮೆತ್ತಗಾಗುತ್ತದೆ ಎಂದು ನಮಗೆ ಹೇಳಿದವರು ಯಾರು?

ಮಾವ ಬಂದಾಗ ಅಂಗಳದ ತುಂಬ ಅಲೆ ಅಲೆಯಾದ ಸಂಗೀತ. ಬಾವಿಕಟ್ಟೆಯ ಮೇಲಿದ್ದ ಒಂದು ಪ್ಲೇಟಂತೂ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತ್ತು. ಹಿಂದೆಯೇ ಬಂದ ಮೋನಾಕ "ಯಾ ಅಲ್ಲಾ" ಎಂದು ಮೆಟ್ಟಿಲಲ್ಲೇ ಕುಳಿತರು. ಅತ್ತೆಯ ಮುಖ ನೋಡಿ ನನಗೇ ಅಳು ಬಂತು.

"ಬೂಷ್ಟು ಹಿಡಿದಿತ್ತು. ಒಣಗಿಸಿದ್ದು, ಅಷ್ಟೆ" ಎಂದರು.

ಮಾವ ಆ ಮುರುಟಿದ್ದನ್ನು ಕೈಗೆತ್ತಿಕೊಂಡರು. ಹೆಂಗಸೊಬ್ಬರು ಹಾಡಿದ ಜೋಗುಳ. ಅವರು ಅದನ್ನು ಹಾಕುತ್ತಿದ್ದದ್ದೇ ಅಪರೂಪ, ಮೋನಾಕರಿಗೆ ಕೊಡುವ ರಾಶಿಗೆ ಮೊದಲು ಹೋದದ್ದೂ ಅದೇ.

"ಇದೊಂದು ಮಾತ್ರ ಬಾವಿಕಟ್ಟೆಯಲ್ಲಿ ಎಂತಕ್ಕೆ?"

"ಅಂಗಳಕ್ಕೆ ಮಾವಿನ ನೆರಳು ಬೀಳ್ತದೆ. ಒಳ್ಳೆ ಬಿಸಿಲು ಇರುದು ಅಲ್ಲಿ. ಒಂದಕ್ಕೇ ಜಾಗ ಇದ್ದದ್ದು."

"ಅಲ್ಲ, ಇದನ್ನೇ ಎಂತಕ್ಕೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನೀವು ಅದನ್ನು ಹಾಕಿದ ದಿವಸ ನಾನು ಒಲೆ ಹತ್ರ ಇರುದಿಲ್ಲ. ಬಾಗಿಲ ಹಿಂದೆ ಇರುದು."

ಮಾವ ಬೈಯಲಿಲ್ಲ. ಉಳಿದ ಪ್ಲೇಟುಗಳನ್ನು ಮಣೆಗಳ ನಡುವೆ ಇಟ್ಟು, ಮೇಲೆ ಭಾರಕ್ಕೆಂದು ಅಕ್ಕಿಮುಡಿ ಹೇರಿದೆವು. ಹೆಚ್ಚಿನವು ನೆಟ್ಟಗಾದವು. ಜೋಗುಳ ಮಾತ್ರ ಜಗ್ಗಲಿಲ್ಲ. ಇನ್ನೂ ಒತ್ತಿದರೆ ಒಡೆಯುತ್ತಿತ್ತು. ಮರುದಿನ ಮಾವ ಪೆಟ್ಟಿಗೆಗೆ ಹಳೆಯ ಪಂಚೆ ಹಾಸಿ, ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟರು.

"ಅದಿನ್ನು ಹಾಡುದಿಲ್ಲ" ಎಂದರು ಮೋನಾಕ.

"ಹಾಡುದು ಬೇಡ. ಬರಲಿ."

ಆಮೇಲೆ ಮಾವನ ಆಯ್ಕೆ ಕಾಫಿ ಆರುವುದರೊಳಗೆ ಮುಗಿಯಿತು. ಅವರ ಮೆಚ್ಚಿನ ಪದಗಳೂ ಮೋನಾಕರ ಪಾಲಾದವು.

ಸುಳ್ಯದಲ್ಲಿ ಗ್ರಾಮಫೋನು ಅಡುಗೆಮನೆಯ ಬಾಗಿಲಿಗೆ ತಾಗಿ ಕುಳಿತಿತು. ಕೀಲಿ ಕೊಡುವ ಮೊದಲು ಮಾವ ಒಳಗೆ ಕೇಳುವಂತೆ, "ಇವತ್ತು ಎಂತ ಹಾಕುದು?" ಎನ್ನುತ್ತಿದ್ದರು. ಮೊದಮೊದಲು ಅತ್ತೆ, "ಯಾವುದಾದ್ರೂ" ಎಂದರು. ದೀಪಾವಳಿ ಬರುವಷ್ಟರಲ್ಲಿ, "ನಿನ್ನೆಯದ್ದು ಬೇಡ, ಬೇರೆ ಹಾಕಿ" ಎನ್ನುವಷ್ಟಾದರು. ಒಗ್ಗರಣೆಯೂ ಆಗಾಗ ಸೀಯತೊಡಗಿತು. ನಾವು ಸಂತೋಷದಿಂದಲೇ ಉಂಡೆವು.

ಮೊಮ್ಮಗಳಿಗೆ ಹಾಡುವ ಪ್ಲೇಟುಗಳನ್ನೆಲ್ಲ ಕೊಟ್ಟುಬಿಟ್ಟೆ. ಮುರುಟಿದ ಒಂದನ್ನು ಮಾತ್ರ ಇಟ್ಟುಕೊಂಡೆ.

"ಅಜ್ಜೀ, ಹಾಡದ್ದನ್ನೇ ಇಟ್ಟುಕೊಂಡ್ರಲ್ಲ!"

"ಇರಲಿ" ಎಂದೆ. ಅವಳು ಅದನ್ನು ಚಂದಕ್ಕೆಂದು ಕಿಟಕಿಯ ಬಳಿ ನಿಲ್ಲಿಸಿ ಹೋದಳು. ಅಲ್ಲಿಗೆ ಬೆಳಗಿನ ಬಿಸಿಲು ಬೀಳುತ್ತದೆ. ಎದ್ದು ಹೋಗಿ ತೆಗೆದು, ಸೆರಗಿನಿಂದ ಒರೆಸಿ, ಮನೆಯಲ್ಲೆಲ್ಲ ಒಳ್ಳೆಯ ನೆರಳಿರುವ ಜಾಗ ಹುಡುಕಿ ಇಟ್ಟೆ.