ದಮಯಂತಿಯಕ್ಕ ತಿದ್ದಿದ ಒಂದಕ್ಷರ

ಪುತ್ತೂರಿನ ಟೈಪಿಂಗ್ ಅಂಗಡಿಯಲ್ಲಿ ದಮಯಂತಿಯಕ್ಕನ ಎದುರಿನ ಮೇಜು ನನ್ನದು. ಹನ್ನೊಂದು ವರ್ಷ ಅವರ ಮುಖ ನೋಡಿಕೊಂಡೇ ಕೀಲಿ ಕುಟ್ಟಿದ್ದೇನೆ, ಆದ್ದರಿಂದ ಅವರ ಬಗ್ಗೆ ಹೇಳುವ ಹಕ್ಕು ನನಗಿದೆ. ಅವರಿಗೊಂದು ಚಟವಿತ್ತು, ಬೇರೆಯವರ ಕಾಗುಣಿತ ತಿದ್ದುವುದು. ವಕೀಲರ ಅರ್ಜಿಯಾಗಲಿ, ಮದುವೆಯ ಕಾಗದವಾಗಲಿ, ತಪ್ಪು ಕಂಡರೆ ಕೇಳದೆಯೇ ತಿದ್ದಿಬಿಡುವರು. ಅರ್ಥ ಗಿರಾಕಿಯದ್ದು, ಅಕ್ಷರ ನನ್ನದು ಎಂಬುದು ಅವರ ವಾದ. ನನ್ನ ತಪ್ಪುಗಳನ್ನಂತೂ ಇಡೀ ಅಂಗಡಿಗೆ ಕೇಳುವಂತೆ ಓದಿ ತಿದ್ದುತ್ತಿದ್ದರು. ಅದಕ್ಕಾಗಿ ನಾನು ಹಲ್ಲು ಕಡಿದದ್ದೂ ಉಂಟು.

ಅಚ್ಯುತ ಡಾಕ್ಟ್ರು ನಮ್ಮ ಹಳೆಯ ಗಿರಾಕಿ. ಊರು ಇಲ್ಲೇ ಹತ್ತಿರದ ಐವರ್ನಾಡು, ಕೆಲಸ ಬೆಂಗಳೂರಿನಲ್ಲಿ. ಮದ್ದು ಕೊಡುವ ಡಾಕ್ಟ್ರಲ್ಲ, ಮಿದುಳು ಕಂಡದ್ದನ್ನು ಹೇಗೆ ಗುರುತಿಸುತ್ತದೆ ಎಂದು ಸಂಶೋಧನೆ ಮಾಡುವವರು. ೧೯೭೭ರಲ್ಲಿ ಅವರು ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ, ಪಾರ್ಶ್ವವಾಯು ಬಡಿದವರಿಗೆ ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆ ಇಟ್ಟಿದ್ದರು. ಅವರು ಬರುವುದು ಅಪರೂಪವಾದ್ದರಿಂದ ಕೇಳಿ ಬರೆದುಕೊಳ್ಳುವ ಕೆಲಸ ವಾರ್ಡಿನ ಆಳು ಸುಂದರನದ್ದು. ಅವನು ಓದಿದ್ದು ಏಳನೇ ಕ್ಲಾಸು, ಹಾಳೆ ತುಂಬ ತಪ್ಪು. ಅದನ್ನು ತಿದ್ದಿ ಟೈಪ್ ಮಾಡಿ ಬೆಂಗಳೂರಿಗೆ ಕಳಿಸುತ್ತಿದ್ದವರು ದಮಯಂತಿಯಕ್ಕ.

ಅದರಲ್ಲಿ ಪೆರಾಬೆಯ ಸಂಕಪ್ಪ ಎಂಬವರ ಹಾಳೆಗಳು ವಿಚಿತ್ರವಾಗಿದ್ದವು. ದನ, ಕೊಡೆ, ಕುರ್ಚಿ, ಎಲ್ಲಕ್ಕೂ ಸರಿಯಾದ ಉತ್ತರ. ಮನೆಯ ಚಿತ್ರಕ್ಕೆ ಮಾತ್ರ ‘ಇಲ್ಲ’. ಹತ್ತೊಂಬತ್ತು ಸಲ ತೋರಿಸಿದರೂ ‘ಇಲ್ಲ’. ಡಾಕ್ಟ್ರು ಖುದ್ದಾಗಿ ನೋಡಲು ಹೊರಡುವಷ್ಟರಲ್ಲಿ ಸಂಕಪ್ಪ ತೀರಿಹೋಗಿದ್ದರು. ಕಣ್ಣೆದುರಿನ ಮನೆಯನ್ನು ಇಲ್ಲವೆನ್ನುವ ಮಿದುಳು ಎಂದು ಡಾಕ್ಟ್ರು ಇಂಗ್ಲಿಷಿನಲ್ಲಿ ಪ್ರಬಂಧ ಬರೆದರು. ಅದು ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಗಿ ಅವರಿಗೆ ಹೆಸರು ತಂದಿತು.

೧೯೮೪ರ ಒಂದು ಸೋಮವಾರ ಡಾಕ್ಟ್ರು ಒಂದು ಪಟ್ಟಿ ಹಿಡಿದುಕೊಂಡು ಬಂದರು. ದೊಡ್ಡ ಹುದ್ದೆಗೆ ಅರ್ಜಿ. ಬರೆದ ಪ್ರಬಂಧಗಳಷ್ಟೇ ಸಾಲದಂತೆ, ಒಂದೊಂದನ್ನೂ ಜಗತ್ತಿನಲ್ಲಿ ಎಷ್ಟು ಮಂದಿ ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೆ ಎಂಬುದೂ ಬೇಕಂತೆ. ಲೈಬ್ರರಿಯ ದಪ್ಪ ಸೂಚಿಗಳನ್ನು ತಡಕಿ ಬರೆದುಕೊಂಡಿದ್ದರು. ಮೂವತ್ತೊಂದು ಪ್ರಬಂಧ, ಮುಂದೆ ಮೂರು, ಐದು, ಸೊನ್ನೆ, ಎರಡು. ಸಂಕಪ್ಪನವರ ಪ್ರಬಂಧದ ಮುಂದೆ ನೂರ ನಲವತ್ತು. ಅದೊಂದು ಇಲ್ಲದಿದ್ದರೆ ನಾನೂ ಇಲ್ಲ ಎಂದು ನಕ್ಕು, ಬುಧವಾರ ಮೂರು ಗಂಟೆಯ ಬಸ್ಸಿಗೆ ಬೇಕೆಂದರು. ಜೊತೆಗೆ ಲಗತ್ತಿಸಲು, ಆಸ್ಪತ್ರೆಯಿಂದ ಆಗಷ್ಟೇ ತಂದ, ಸುಂದರ ಬರೆದ ಮೂಲ ಹಾಳೆಗಳ ಕಡತವನ್ನೂ ಬಿಟ್ಟುಹೋದರು.

ಮಧ್ಯಾಹ್ನದ ಹೊತ್ತಿಗೆ ಎದುರಿನ ಮೆಶಿನು ನಿಂತಿತು. ತಲೆಯೆತ್ತಿ ನೋಡಿದರೆ ದಮಯಂತಿಯಕ್ಕ ಸಂಕಪ್ಪನವರ ಮೂಲ ಹಾಳೆ ಹಿಡಿದಿದ್ದರು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಸುಂದರ ಬರೆದದ್ದು ‘ಇಲ್ಲ’ ಅಲ್ಲ, ‘ಇಲ್ಲ್’. ಕೊನೆಗೆ ಅರ್ಧಾಕ್ಷರದ ಗುರುತು ಹಾಕಿದ್ದ, ಹತ್ತೊಂಬತ್ತು ಕಡೆಯೂ. ಅವನ ನೂರು ತಪ್ಪುಗಳ ಜೊತೆ ಇದೂ ಒಂದೆಂದು ಅಕ್ಕ ಅಂದು ಆ ಗುರುತನ್ನು ಬಿಟ್ಟು ಟೈಪ್ ಹೊಡೆದಿದ್ದರು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಸಂಕಪ್ಪ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಹುಟ್ಟಿದಾರಭ್ಯ ತುಳು ಮಾತಾಡುವ ಅಕ್ಕ, ಕನ್ನಡ ಹಾಳೆ ಎಂಬ ಒಂದೇ ಕಾರಣಕ್ಕೆ ಅದನ್ನು ಕನ್ನಡವಾಗಿ ಓದಿದ್ದರು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನೂ ಹಾಗೆಂದೇ ಹೇಳಿದೆ, ಈಗ ನಾಚಿಕೆಯಾಗುತ್ತದೆ. ಸುಂದರ ಅಷ್ಟರಲ್ಲಿ ಊರು ಬಿಟ್ಟಿದ್ದ. ಮರುದಿನ ಅಕ್ಕ ನನ್ನನ್ನೂ ಎಳೆದುಕೊಂಡು ಪೆರಾಬೆಗೆ ಹೋದರು.

ಸಂಕಪ್ಪನವರ ಹೆಂಡತಿ ಅಮ್ಮು ಭತ್ತ ಒಣಗಿಸುತ್ತಿದ್ದರು. ಗಂಡನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಕಾಯಿಲೆಯ ಮೇಲೆ ಬಾಯಿಗೆ ಬರುತ್ತಿದ್ದದ್ದೂ ಕನ್ನಡವೇ, ತುಳುವಿನಲ್ಲಿ ಉಳಿದದ್ದು ನಾಲ್ಕೈದು ಮಾತು ಅಷ್ಟೇ ಎಂದರು. ಮನೆಯನ್ನು ಮಾತ್ರ ಇಲ್ಲ್ ಎಂದೇ ಹೇಳುತ್ತಿದ್ದರಂತೆ. ದಮಯಂತಿಯಕ್ಕ ಪ್ರಬಂಧದ ಕಥೆ ಹೇಳಿದರು. ಅಮ್ಮು ಭತ್ತದಲ್ಲಿ ಕೈಯಾಡಿಸುತ್ತಾ ತುಳುವಿನಲ್ಲೇ ಕೇಳಿದರು:

"ಅಷ್ಟು ಮಂದಿ ಓದಿದವರಲ್ಲಿ ಒಬ್ಬರಾದರೂ ನನ್ನ ಹತ್ರ ಕೇಳ್ಬಹುದಿತ್ತಲ್ಲ?"

ಬುಧವಾರ ಡಾಕ್ಟ್ರು ಬಂದಾಗ ಒಂದೂವರೆ ಗಂಟೆ. ಅಕ್ಕ ಎದ್ದು ನಿಂತೇ ಹೇಳಿದರು, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಡಾಕ್ಟ್ರು ಮೂಲ ಹಾಳೆ ನೋಡಿದರು, ಮತ್ತೆ ನೋಡಿದರು.

"ಇದನ್ನು ಇವತ್ತೇ ಹೇಳ್ಬೇಕಿತ್ತಾ? ಅರ್ಜಿ ಹೋದ ಮೇಲೆ ಹೇಳಿದ್ರೆ ಆಗ್ತಿರ್ಲಿಲ್ವಾ? ಯಾರಿಗೂ ಗೊತ್ತಿಲ್ಲ ಇದು."

"ನನಗೆ ಗೊತ್ತುಂಟಲ್ಲ ಡಾಕ್ಟ್ರೆ. ಈಗ ನಿಮಗೂ ಗೊತ್ತಾಯ್ತು. ಪಟ್ಟಿ ಹೇಗೆ ಹೊಡೀಬೇಕು ಹೇಳಿ, ಹಾಗೇ ಹೊಡೀತೇನೆ."

ಡಾಕ್ಟ್ರು ಕಡತ ಬಾಚಿಕೊಂಡು ಹೊರಗೆ ಹೋದರು. ಗೋಡೆಯ ಗಡಿಯಾರ ಎರಡು ಹೊಡೆಯಿತು, ಎರಡೂವರೆಯಾಯಿತು. ಅಕ್ಕ ಮೆಶಿನಿಗೆ ಖಾಲಿ ಕಾಗದ ಹಾಕಿ ಕೈ ಕಟ್ಟಿಕೊಂಡು ಕುಳಿತಿದ್ದರು. ಮೂರಕ್ಕೆ ಐದು ನಿಮಿಷವಿರುವಾಗ ಡಾಕ್ಟ್ರು ಬೆವರಿಕೊಂಡು ಮರಳಿ ಬಂದು, ನೂರ ನಲವತ್ತರ ಸಾಲು ತೆಗೆಯಿರಿ ಎಂದರು. ಆಮೇಲೆ ಪತ್ರಿಕೆಗೆ ತಿದ್ದುಪಡಿಯ ಕಾಗದ ಹೇಳಿ ಬರೆಸಿದರು. ಟೈಪ್ ಮಾಡಿದವಳ ತಪ್ಪೆಂದು ನನ್ನ ಹೆಸರು ಹಾಕಿ ಎಂದು ಅಕ್ಕ ಹಟ ಹಿಡಿದರೆ ಅವರು ಒಪ್ಪಲಿಲ್ಲ.

"ನಾನೂ ಈ ಕಡೆಯವನೇ. ತುಳು ಗೊತ್ತಿಲ್ವಾ ನನಗೆ? ಮನೆಯ ಚಿತ್ರಕ್ಕೆ ಇಲ್ಲ ಅಂತ ಉಂಟು, ಒಂದು ಸಲ ಬಾಯಿಬಿಟ್ಟು ಓದಿದ್ರೆ ಸಾಕಿತ್ತು."

ಮೂರು ಗಂಟೆಯ ಬಸ್ಸು ಹೋಗಿತ್ತು. ಆ ಹುದ್ದೆಯೂ ಅವರಿಗೆ ಸಿಗಲಿಲ್ಲ.

ನಾಲ್ಕು ವರ್ಷದ ಮೇಲೆ ಅವರ ಕಾರ್ಡು ಬಂತು. ತಿದ್ದುಪಡಿಯನ್ನು ಈವರೆಗೆ ಇಬ್ಬರು ಉಲ್ಲೇಖಿಸಿದ್ದಾರೆ. ಹಳೆಯ ಪ್ರಬಂಧದ ಎಣಿಕೆ ನೂರ ತೊಂಬತ್ತಕ್ಕೆ ಏರಿದೆ ಎಂದು ಬರೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಹೊರದೇಶದಲ್ಲೂ ಇದ್ದಾರೆ ಎಂದು ನನಗೆ ಸಿಟ್ಟು ಬಂತು. ಅಕ್ಕ ಸಿಟ್ಟು ಮಾಡಲಿಲ್ಲ. ಡಾಕ್ಟ್ರಿಂದ ಆ ನೂರ ತೊಂಬತ್ತು ಮಂದಿಯ ವಿಳಾಸ ತರಿಸಿಕೊಂಡರು.

ಅಂದಿನಿಂದ ಅವರಲ್ಲಿ ಒಬ್ಬೊಬ್ಬರಿಗೆ ವಾರಕ್ಕೊಂದು ಕಾಗದ. ಆದ ತಪ್ಪನ್ನು ತಿಳಿಸಿ ಡಾಕ್ಟ್ರೇ ಬರೆದುಕೊಟ್ಟ ಇಂಗ್ಲಿಷಿನ ನಾಲ್ಕು ಸಾಲು, ನಡುವೆ ಒಂದು ಪದದಷ್ಟು ಜಾಗ ಖಾಲಿ. ಅದನ್ನು ಕನ್ನಡ ಮೆಶಿನಿಗೆ ಹಾಕಿ ‘ಇಲ್ಲ್’ ಎಂಬ ಆ ಒಂದು ಪದ ಹೊಡೆಯುವರು. ಆಮೇಲೆ ಎದ್ದು ನನ್ನ ಮೇಜಿನ ಹತ್ತಿರ ಬಂದು, ಅರ್ಧಾಕ್ಷರ ಸರಿಯಾಗಿ ಬಿದ್ದಿದೆಯಾ ನೋಡು ಎಂದು ಕಾಗದವನ್ನು ನನ್ನ ಕೈಗೆ ಕೊಟ್ಟು, ನಾನು ಹೂಂ ಎನ್ನುವವರೆಗೆ ನಿಂತೇ ಇರುತ್ತಿದ್ದರು.