ಹುಳುಮನೆಯ ಕಂಪ್ಯೂಟರು

ಮಾಲೂರಿನ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಕಿಟಕಿಗೆ ಈ ಬೇಸಿಗೆಯಲ್ಲಿ ಯಾರೋ ಒದ್ದೆ ಗೋಣಿಚೀಲ ಕಟ್ಟಿದ್ದರು. ಫ್ಯಾನು ಕೆಟ್ಟು ನಿಂತಿತ್ತು, ಬಿಸಿಲು ನೇರ ಹೊಡೆಯುತ್ತಿತ್ತು, ಇನ್ನೇನು ಮಾಡುತ್ತಾರೆ ಪಾಪ. ಬೀಗ ತೆಗೆದು ಒಳಗೆ ಕಾಲಿಟ್ಟೆ. ನೆನೆದ ಸೆಣಬಿನ ವಾಸನೆ, ಅದರ ಜೊತೆಗೇ ಬಿಸಿಯಾದ ಕಂಪ್ಯೂಟರಿನ ವಾಸನೆ… ಈ ಎರಡೂ ಒಟ್ಟಿಗೆ ಬರುವ ಜಾಗ ಒಂದೇ ಇತ್ತು, ಅದು ಮುಗಿದುಹೋಯಿತು ಅಂದುಕೊಂಡಿದ್ದೆ. ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದೆ ಬರುತ್ತಿದ್ದ ಮಕ್ಕಳು ನನ್ನ ಬೆನ್ನಿಗೆ ಬಂದು ಡಿಕ್ಕಿ ಹೊಡೆದವು.

ಆ ಜಾಗ, ಕ್ಯಾಲನೂರಿನ ಹತ್ತಿರದ ನಮ್ಮೂರಿನಲ್ಲಿ, ಎದುರುಮನೆ ಅಕ್ಕನ ಹುಳುಮನೆ. ರೇಷ್ಮೆ ಹುಳು ಸಾಕುವ ಕೋಣೆಯನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಮನುಷ್ಯರು ಮಲಗುವ ಕೋಣೆ ಕುಲುಮೆಯಾದರೂ ಪರವಾಗಿಲ್ಲ, ಹುಳುಮನೆ ಮಾತ್ರ ತಣ್ಣಗಿರಬೇಕು. ಅದಕ್ಕೇ ಕಿಟಕಿಗಳಿಗೆಲ್ಲ ಒದ್ದೆ ಗೋಣಿ.

ಅಕ್ಕ ಕೋಲಾರದಲ್ಲಿ ಡಿಪ್ಲೊಮಾ ಓದುತ್ತಿದ್ದಾಗಲೇ ಕೈಕಾಲಿನ ಶಕ್ತಿ ಇಳಿಯತೊಡಗಿತ್ತಂತೆ. ಸ್ನಾಯುಗಳ ಕಾಯಿಲೆ, ಇದಕ್ಕೆ ಮದ್ದಿಲ್ಲ ಎಂದು ದೊಡ್ಡ ಡಾಕ್ಟರು ಹೇಳಿ ಕಳಿಸಿದ್ದರು. ನಾನು ಪಿಯುಸಿಗೆ ಬರುವ ಹೊತ್ತಿಗೆ ಅವಳು ಗಾಲಿಕುರ್ಚಿಯಲ್ಲಿದ್ದಳು. ಬಾಯಿಗೆ ಮಾತ್ರ ಯಾವ ಕಾಯಿಲೆಯೂ ತಟ್ಟಿರಲಿಲ್ಲ. ನನ್ನ ಜಡೆ, ನನ್ನ ನಡಿಗೆ, ನನ್ನ ಇಂಗ್ಲಿಷು, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳ ಹತ್ತಿರ ಬೈಸಿಕೊಳ್ಳುವುದಕ್ಕೆಂದೇ ನಾನು ಕಾಲೇಜು ಬಿಟ್ಟ ತಕ್ಷಣ ಓಡುತ್ತಿದ್ದೆ ಅನಿಸುತ್ತದೆ.

ಅವಳ ಕಂಪ್ಯೂಟರು ಯಾವುದೋ ಆಫೀಸಿನವರು ಹೊರಗೆ ಹಾಕಿದ್ದ ಹಳೇ ಪೆಟ್ಟಿಗೆ. ಅದಕ್ಕೆ ಲಿನಕ್ಸ್ ಹಾಕಿಕೊಂಡಿದ್ದಳು. ಯಾರ ಅಪ್ಪಣೆಯೂ ಬೇಡ, ಒಳಗಿರುವುದನ್ನು ಬಿಚ್ಚಿ ನೋಡಬಹುದು, ಬೇಕಾದ ಹಾಗೆ ತಿದ್ದಬಹುದು ಎನ್ನುವುದು ಅವಳಿಗೆ ಬಹಳ ಹಿಡಿಸಿತ್ತು. ಅದರಲ್ಲಿ ಪುಟ್ಟ ಗಾಡಿಗಳ ಪಂದ್ಯದ ಆಟವೊಂದಿತ್ತು. ಒಂದೇ ಕೀಬೋರ್ಡಿನಲ್ಲಿ ಇಬ್ಬರು. ಎಡಗಡೆಯ ಕೀಗಳು ಅವಳವು, ಬಲಗಡೆಯವು ನನ್ನವು. ಸೋತವರಿಗೆ ಬೈಗುಳ, ಗೆದ್ದವರಿಗೂ ಬೈಗುಳ.

ತೊಂದರೆ ಇದ್ದದ್ದು ತಿರುವುಗಳಲ್ಲಿ. ಒತ್ತಬೇಕು ಎಂದುಕೊಂಡ ಮೇಲೆ ಅವಳ ಬೆರಳು ಹೋಗಿ ಒತ್ತುವುದಕ್ಕೆ ಒಂದಿಷ್ಟು ತಡ. ಒತ್ತಿದ ಮೇಲೆ ಗಾಡಿ ತಿರುಗಿಸುವುದಕ್ಕೆ ಆ ಹಳೇ ಪೆಟ್ಟಿಗೆಯದು ಇನ್ನೊಂದಿಷ್ಟು ತಡ. ಎರಡೂ ಸೇರಿದರೆ ಗಾಡಿ ನೇರ ಹಳ್ಳಕ್ಕೆ.

“ನನ್ ತಡ ನನಗಿರ್ಲಿ ಕಣೇ. ಈ ಮಿಷಿನ್ ತಡಾನೂ ನಾನೇ ಹೊರ್ಬೇಕಾ?” ಎಂದು ಒಂದು ದಿನ ಸಿಟ್ಟು ಮಾಡಿಕೊಂಡಳು. ಅವತ್ತಿನಿಂದ ಅದೇ ಹಟ. ಬೆರಳು ಕಳೆದುಕೊಂಡಷ್ಟನ್ನು ಯಂತ್ರದಿಂದ ಕಿತ್ತುಕೊಳ್ಳಬೇಕು. ಸಾಧ್ಯವಿರುವಷ್ಟು ದಿನ ತನ್ನ ಕೈಯಿಂದಲೇ ನನ್ನ ಜೊತೆ ಓಡಬೇಕು. ಓದು, ಕೆಲಸ, ಮದುವೆ ಎಲ್ಲದರ ಆಸೆಯನ್ನೂ ಮಡಚಿಟ್ಟು ಅವಳು ಉಳಿಸಿಕೊಂಡಿದ್ದು ಇದೊಂದನ್ನೇ.

ಹುಡುಕಿ ಹುಡುಕಿ ಒಂದು ಪುಟ್ಟ ತಂತ್ರಾಂಶ ತಂದು ಹಾಕಿದಳು. ಆಟ ಶುರುವಾದ ತಕ್ಷಣ ಅದು ಎಚ್ಚರವಾಗಿ, ಯಂತ್ರ ನಿಧಾನಕ್ಕೆ ಇಳಿಯದ ಹಾಗೆ ಪೂರ್ತಿ ವೇಗದಲ್ಲಿ ಹಿಡಿದಿಟ್ಟು, ಮಿಕ್ಕ ಕೆಲಸಗಳನ್ನು ಹಿಂದಕ್ಕೆ ತಳ್ಳಿ ಆಟಕ್ಕೆ ಮೊದಲ ಮಣೆ ಹಾಕುತ್ತಿತ್ತು. ಆಟ ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಮಾಡಿ ತಾನು ಮಲಗುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. “ಹುಳು ಜ್ವರಕ್ಕೆ ಕೂರಲ್ವೇನೇ, ಹಂಗೆ. ನಾವು ಆಡೋವಾಗ ಮಿಕ್ಕಿದ್ದೆಲ್ಲ ಜ್ವರಕ್ಕೆ ಕೂತ್ಕಂತದೆ,” ಎಂದಳು. ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತವೆ. ಅದನ್ನೇ ನಮ್ಮವರು ಜ್ವರ ಎನ್ನುವುದು. ಆಗ ನನಗೆ ಅರ್ಥವಾಯಿತು. ನೆರಳು, ಹೊಗೆ, ಮರದ ಎಲೆ, ಆಟದೊಳಗಿನ ಚಂದಗಳನ್ನೆಲ್ಲ ಅಕ್ಕ ಒಂದೊಂದಾಗಿ ತೆಗೆದುಹಾಕಿದಳು. ಕೊನೆಗೆ ಬೋಳು ರಸ್ತೆ, ಎರಡು ಗಾಡಿ. ಆದರೆ ಒತ್ತಿದ ಕೂಡಲೇ ತಿರುಗುತ್ತಿತ್ತು! ಆ ವಾರ ಅವಳು ನನ್ನನ್ನು ಸೋಲಿಸಿ ಸೋಲಿಸಿ ಇಟ್ಟಳು.

ಬೇಸಿಗೆ ಬಂತು. ಪೂರ್ತಿ ವೇಗದಲ್ಲಿ ಓಡಿದ ಯಂತ್ರ ಕಾದು ಕೆಂಡವಾಗಿ ತಾನೇ ನಿಧಾನವಾಗತೊಡಗಿತು. ಅದನ್ನು ಹುಳುಮನೆಗೆ ಸಾಗಿಸಬೇಕು ಎಂದಳು ಅಕ್ಕ. ಅವಳಪ್ಪ ಗೊಣಗಿದರು, ಸೋತರು. ಹಿಪ್ಪುನೇರಳೆ ಸೊಪ್ಪು ಇಡುವ ಮೂಲೆಯಲ್ಲಿ ಕಂಪ್ಯೂಟರು ಕೂತಿತು. ಒಂದು ಕಡೆ ಹುಳುಗಳು ಸೊಪ್ಪು ಮೇಯುವ ಜರಜರ ಸದ್ದು, ಇನ್ನೊಂದು ಕಡೆ ನಮ್ಮ ಗಾಡಿಗಳ ಕಿರಿಚಾಟ. ನನ್ನ ಜೀವನದಲ್ಲಿ ಅಷ್ಟು ತಂಪಾದ ಮಧ್ಯಾಹ್ನಗಳು ಮತ್ತೆ ಬರಲಿಲ್ಲ.

ಒಂದು ದಿನ ಹೋದಾಗ ಪರದೆ ಕಪ್ಪಗಿತ್ತು. ಪೆಟ್ಟಿಗೆಯ ಮೇಲೆ, ಗಾಳಿ ಹೋಗುವ ಕಂಡಿಗಳಲ್ಲಿ, ಎಲ್ಲೆಲ್ಲೂ ಬೆಳ್ಳಗೆ ಸುಣ್ಣದ ಪುಡಿ. ಹುಳು ಜ್ವರಕ್ಕೆ ಕೂತಾಗ ರೋಗ ತಗುಲದಿರಲಿ ಎಂದು ಸುಣ್ಣ ಉದುರಿಸುವುದು ನಮ್ಮಲ್ಲಿ ರೂಢಿ. ಅಕ್ಕನ ಅಮ್ಮ ಹುಳುಗಳ ತಟ್ಟೆಗೆ ಉದುರಿಸಿ, ಮಗಳು ದಿನವೂ ಮುಟ್ಟುವ ವಸ್ತು ಎಂದು ಇದಕ್ಕೂ ಎರಡು ಹಿಡಿ ಉದುರಿಸಿದ್ದರು. ಫ್ಯಾನು ಅದನ್ನೆಲ್ಲ ಒಳಗೆಳೆದುಕೊಂಡಿತ್ತು. ಗೋಣಿಯ ತೇವಕ್ಕೆ ಸುಣ್ಣ ಗಾರೆಯಾಗಿ ಕೂತಿತ್ತು.

“ದಾನಿಕೀ ಜಬ್ಬು ರಾಕೂಡದನಿ ಚಲ್ಲಿನಾನಮ್ಮಾ,” ಎಂದರು ಅಮ್ಮ ನನ್ನನ್ನು ನೋಡಿ, ತಮ್ಮ ತೆಲುಗಿನಲ್ಲಿ. ಅದಕ್ಕೂ ಕಾಯಿಲೆ ಬರಬಾರದು ಎಂದು ಉದುರಿಸಿದೆ ಕಣಮ್ಮ, ಎಂದು. ಅವರ ಮುಖ ಬಿಳಿಚಿತ್ತು. ನಾನು ಬಾಯಿ ತೆರೆಯುವ ಮುಂಚೆ ಅಕ್ಕ ಹೇಳಿದಳು: “ಸುಣ್ಣದಿಂದಲ್ಲಮ್ಮಾ. ಕರೆಂಟು ಜಾಸ್ತಿ ಬಂದು ಸುಟ್ಟೋಯ್ತು.” ಆಮೇಲೆ ನನ್ನ ಕಡೆ ತಿರುಗಿ, “ಹೌದು ತಾನೇ?” ಎಂದಳು. ಹೌದು ಎಂದೆ. ಕಣ್ಣಲ್ಲೇ ಕಟ್ಟಪ್ಪಣೆಯಾಗಿತ್ತು, ಇನ್ನೇನು ಹೇಳಲಿ.

ಮುಳಬಾಗಿಲಿನ ರಿಪೇರಿ ಅಂಗಡಿಗೆ ಹೋದ ಪೆಟ್ಟಿಗೆ ಇವತ್ತು ನಾಳೆ ಎನ್ನುತ್ತಾ ಅಲ್ಲೇ ಉಳಿಯಿತು. ಆ ಹಳೇ ಯಂತ್ರಕ್ಕೆ ಬೇಕಾದ ಭಾಗ ಸಿಗಬೇಕಲ್ಲ. ಹುಳುಗಳು ಗೂಡು ಕಟ್ಟಿದವು, ಗೂಡು ಮಾರುಕಟ್ಟೆಗೆ ಹೋಯಿತು, ಮುಂದಿನ ಬೆಳೆಯೂ ಬಂತು. ಅಕ್ಕ ಖಾಲಿ ಮೇಜಿನ ಮೇಲೆ ಬೆರಳು ಆಡಿಸುತ್ತಾ ಕೂರುತ್ತಿದ್ದಳು. ಕೊನೆಕೊನೆಗೆ ಅದೂ ನಿಂತಿತು…

ಕಂಪ್ಯೂಟರು ಬಂದ ದಿನ ಊರಿಗೆಲ್ಲ ಹಬ್ಬವೆನ್ನುವ ಹಾಗೆ ನಾನು ಕುಣಿದೆ. ಹೊಸ ಫ್ಯಾನು, ಬೇರೆ ಬೋರ್ಡು, ಹೆಚ್ಚಿನ ಮೆಮೊರಿ. ಬೆಣ್ಣೆಯ ಹಾಗೆ ಓಡುತ್ತಿತ್ತು. ತಡವೆನ್ನುವುದೇ ಇರಲಿಲ್ಲ. ಅವಳ ಕೈ ಎತ್ತಿ ಕೀಗಳ ಮೇಲೆ ಇಟ್ಟೆ. ಬೆರಳು ಇಟ್ಟಲ್ಲೇ ಇತ್ತು. ನಾವಿಬ್ಬರೂ ಕಾದೆವು. ಅದು ಕೆಳಗೆ ಹೋಗಲಿಲ್ಲ.

“ಅಕ್ಕ, ನೀನು ಹೇಳು, ನಾನು ಒತ್ತುತೀನಿ,” ಎಂದೆ.

“ನನ್ ಕೀ ಮುಟ್ಬೇಡ ಕಣೇ,” ಎಂದಳು ಮೆಲ್ಲಗೆ. ಆಮೇಲೆ ಪರದೆಯನ್ನೇ ನೋಡುತ್ತಾ, “ಎಷ್ಟ್ ಚೆನ್ನಾಗ್ ಓಡ್ತೈತಲ್ವಾ… ನೀನು ಓಡ್ಸು, ನಾನ್ ನೋಡ್ತೀನಿ,” ಎಂದಳು. ಓಡಿಸಿದೆ. ಅಳುತ್ತಾ ಓಡಿಸಿದೆ. ಬಾಗಿಲಲ್ಲಿ ಅಮ್ಮ ನಗುತ್ತಾ ನಿಂತಿದ್ದರು, ಮಗಳು ಆಡುತ್ತಿದ್ದಾಳೆ ಎಂದುಕೊಂಡು.

ಮುಂದಿನ ಚಳಿಗಾಲ ಅಕ್ಕ ದಾಟಲಿಲ್ಲ.

ಊರಿಗೆ ಹೋದಾಗಲೆಲ್ಲ ಅಕ್ಕನ ಅಮ್ಮ ಈಗಲೂ ಆ ಹಾಳು ಕರೆಂಟಿಗೆ ಶಾಪ ಹಾಕುತ್ತಾರೆ. ನಾನೂ ಹೂಂಗುಡುತ್ತೇನೆ. ಕಂಪ್ಯೂಟರನ್ನು ನನಗೇ ಕೊಟ್ಟುಬಿಟ್ಟರು. ಮಾಲೂರಿನ ನಮ್ಮ ಬಾಡಿಗೆ ಮನೆಯಲ್ಲಿ ಭಾನುವಾರದ ಮಧ್ಯಾಹ್ನ ಒಮ್ಮೊಮ್ಮೆ ಅದನ್ನು ಹಾಕುತ್ತೇನೆ. ನನ್ನ ಗಂಡ ನನ್ನ ಈ ಗೀಳಿಗೆ ಒಂದು ಹೆಸರಿಟ್ಟಿದ್ದಾನೆ, ಅದು ಇಲ್ಲಿ ಬೇಡ. ಆಟ ಶುರುವಾಗುತ್ತದೆ, ಅವಳು ತಂದ ತಂತ್ರಾಂಶ ಎದ್ದು ಮಿಕ್ಕಿದ್ದನ್ನೆಲ್ಲ ಸುಮ್ಮನಾಗಿಸುತ್ತದೆ. ನಾನು ಎಂದೂ ಇಬ್ಬರ ಆಟವನ್ನೇ ಆರಿಸುವುದು. ನನ್ನ ಗಾಡಿ ಹೊರಡುತ್ತದೆ. ಅವಳದು ಗೆರೆಯ ಹತ್ತಿರ ನಿಂತಿರುತ್ತದೆ. ಒಂದು ಬೆಟ್ಟದ ರಸ್ತೆಯಲ್ಲಿ ಮಾತ್ರ, ನಾನು ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ, ಅದು ಸ್ವಲ್ಪ ಸರಿದಿರುತ್ತದೆ. ಇಳಿಜಾರಿನ ಕೆಲಸ, ನನಗೆ ಗೊತ್ತು. ಗೊತ್ತಿದ್ದೂ ಪ್ರತಿ ಸಲ ಎಡಗಡೆಯ ಕೀಗಳತ್ತ ತಿರುಗಿ ನೋಡುತ್ತೇನೆ.

ನಾನು ಗುರಿ ಮುಟ್ಟಿದರೂ ಆ ಆಟ ಮುಗಿಯುವುದಿಲ್ಲ. ಎರಡನೆಯವರೂ ಬಂದು ಸೇರಬೇಕು. ನಾಲ್ಕು ಕೀ ಒತ್ತಿದರೆ ಅವಳ ಗಾಡಿಯನ್ನು ನಾನೇ ತಂದು ಮುಟ್ಟಿಸಬಹುದು. ಒತ್ತುವುದಿಲ್ಲ. ಅವಳು ಸತ್ತಿದ್ದಾಳೆ, ಬರುವುದಿಲ್ಲ, ಇದರಲ್ಲಿ ನನಗೇನೂ ಅನುಮಾನವಿಲ್ಲ. ಆದರೂ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಒಲೆಯ ಮೇಲೆ ಅನ್ನ ಸೀದ ವಾಸನೆ ಬರುವವರೆಗೂ ಕಾಯುತ್ತೇನೆ.