ತಾಲೀಮಿನ ಗ್ವಾಡಿ ಮೇಲಿನ ಗೀರು

ಶಹಾಬಾದದ ಫರಸಿ ಖಣಿಯಲ್ಲಿ ಕಲ್ಲು ಸೀಳುವ ಕಾಶಪ್ಪನ ಆಸ್ತಿ ಅಂದರೆ ಒಂದು ಎಮ್ಮೆ, ಎರಡು ಖೋಲಿಯ ಮನೆ, ಮತ್ತು ಪೈಲ್ವಾನರು ಕುಸ್ತಿ ಕಲಿಯುವ ತಾಲೀಮಿನ ಕೀಲಿಕೈ. ಮೊದಲಿನ ಎರಡು ಹೋದರೂ ಅವ ಉಂಡು ಮಲಗುತ್ತಾನೆ, ಕೀಲಿ ಹೋದರೆ ಮಾತ್ರ ಅನ್ನ ಸೇರಲಿಕ್ಕಿಲ್ಲ ಅಂತ ಹೆಂಡತಿ ಅಮೃತಮ್ಮ ಬಾವಿಯ ಹತ್ತಿರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಸುಳ್ಳೇನಲ್ಲ. ಕೀಲಿ ಯಾರ ಉಡಿದಾರದಲ್ಲಿ ಇರುತ್ತದೋ ನಾಗರಪಂಚಮಿಯ ಕಡೀ ಕುಸ್ತಿ ಅವನದು. ಕೀಲಿ ಕೊಡುವ ಗುರು, ವಸ್ತಾದ ನರಸಪ್ಪ, ಅಖಾಡದ ಕೆಮ್ಮಣ್ಣು ಒಂದು ಹಿಡಿ ತೆಗೆದು ಅವನ ಎದೆಗೆ ಹಚ್ಚಿ ಕಣಕ್ಕೆ ಬಿಡುತ್ತಿದ್ದ. ಏಳು ಪಂಚಮಿ ಆ ಮಣ್ಣು ಕಾಶಪ್ಪನ ಎದೆಗೇ ಬಿದ್ದಿತ್ತು.

ಎರಡು ವರ್ಷದ ಹಿಂದೆ ಕುರಕುಂಟಾದ ಮಾಣಿಕಪ್ಪ ತಾಲೀಮಿಗೆ ಬಂದ. ವಾಡಿ ಸ್ಟೇಶನ್ನಿನಲ್ಲಿ ಹಮಾಲಿ ಕೆಲಸ, ಶಹಾಬಾದದಲ್ಲಿ ಅಕ್ಕನ ಮನೆಯಲ್ಲಿ ವಸ್ತಿ. ಇಪ್ಪತ್ತೆರಡರ ಹುಡುಗ, ಕುತ್ತಿಗೆ ನೋಡಿದರೆ ಹೋರಿಯದು, ನಗು ನೋಡಿದರೆ ಕೂಸಿನದು. ವಸ್ತಾದ ಅವನ ಕಿವಿ ಹಿಂಡಿ ಪಟ್ಟು ಕಲಿಸುತ್ತಿದ್ದ. ಕಾಶಪ್ಪನ ಕಿವಿ ಹಿಂಡಿ ಎಷ್ಟು ವರ್ಷವಾಗಿತ್ತೋ. ಒಮ್ಮೆ ವಸ್ತಾದ ತಾನು ಕುಡಿಯುವ ಬಾದಾಮಿ ಹಾಲಿನ ತಂಬಿಗೆಯನ್ನು ಅರ್ಧ ಕುಡಿದು ಮಾಣಿಕಪ್ಪನ ಕೈಗೆ ಕೊಟ್ಟ. ಅವತ್ತು ಕಾಶಪ್ಪ ಮನೆಗೆ ಬಂದು ಎಮ್ಮೆಯನ್ನು ಸುಮ್ಮಸುಮ್ಮನೆ ಬೈದ.

"ಎಮ್ಮಿ ಏನು ಮಾಡ್ಯಾದರಿ ಪಾಪ," ಅಂದಳು ಅಮೃತಮ್ಮ. "ಅದೂ ಮಾಣಿಕಪ್ಪಗ ಹಾಲು ಕೊಟ್ಟದೇನು?"

ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತಿದು. ಆ ಬ್ಯಾಸಗಿ ಮುಗಿಯುವಾಗ ಫ್ಲೂ ಜ್ವರ ಬಂತು. ರೈಲಿನ ಜೊತೆಗೆ ಬಂತು ಅಂದರು ಜನ. ಮನೆಗೆ ಇಬ್ಬರಂತೆ ಹಾಸಿಗೆ ಹಿಡಿದರು. ಸಾಲಿ ಮುಚ್ಚಿದವು, ಸಂತೆ ನಿಂತಿತು, ಪುರಸಭೆಯವರು ತಾಲೀಮಿಗೂ ಬೀಗ ಹಾಕಿಸಿದರು. ಮೈಗೆ ಮೈ ಹಚ್ಚುವ ಆಟ, ಜ್ವರಕ್ಕೆ ಅದಕ್ಕಿಂತ ಸಸಾರದ ದಾರಿ ಯಾವುದು?

ಆದರೆ ಅಖಾಡದ ಮಣ್ಣು ಬೀಗದ ಮಾತು ಕೇಳುವುದಿಲ್ಲ. ಮಜ್ಜಿಗೆ, ಎಣ್ಣೆ, ಅರಿಶಿಣ, ಲಿಂಬೆರಸ ಕುಡಿದ ಮಣ್ಣು ಅದು. ದಿನಾ ಸಲಿಕೆ ಹಾಕಿ ತಿರುವದಿದ್ದರೆ ಹತ್ತೇ ದಿನಕ್ಕೆ ಗಟ್ಟಿಯಾಗಿ ಹುಳಿನಾತ ಹೊಡೆಯುತ್ತದೆ. ಅದಕ್ಕೆ ವಸ್ತಾದ ಒಂದು ಪಾಳಿ ಮಾಡಿದ. ದಿನಕ್ಕೆ ಒಬ್ಬನೇ ಹೋಗಬೇಕು, ಮಣ್ಣು ತಿರುವಬೇಕು, ಗ್ವಾಡಿಯ ಮೇಲೆ ತನ್ನ ಗುರುತಿನ ಕೆಳಗೆ ಕೆಮ್ಮಣ್ಣಿನ ಒಂದು ಗೀರು ಎಳೆದು ಬರಬೇಕು. ಓದು ಬರದವರೇ ಹೆಚ್ಚು, ಹಿಂಗಾಗಿ ಹೆಸರಿನ ಬದಲಿಗೆ ಗುರುತು. ಕಾಶಪ್ಪನದು ತ್ರಿಶೂಲ. ಮಾಣಿಕಪ್ಪನದು ಎರಡು ಕೊಂಬು.

ನಡುವೆ ಅಮೃತಮ್ಮನೂ ಮಲಗಿದಳು. ಎಂಟು ದಿನ ಕಾಶಪ್ಪ ಮನೆ ಬಿಟ್ಟು ಹೊರಬೀಳಲಿಲ್ಲ, ಕೀಲಿಯನ್ನು ವಸ್ತಾದನ ಮನೆಗೆ ಕಳಿಸಿಬಿಟ್ಟ. ಆಕೆ ಎದ್ದು ಕೂತ ಮೇಲೆ ಕೀಲಿ ತಿರುಗಿ ಇಸಿದುಕೊಂಡು ಹೋಗಿ ನೋಡಿದರೆ ತ್ರಿಶೂಲದ ಕೆಳಗೆ ತಾನು ಎಳೆಯದ ಎರಡು ಗೀರು. ತಾನು ಹೋದದ್ದು ಐದು ಸಲ, ಗ್ವಾಡಿ ಹೇಳುವುದು ಏಳು. ಕಾಶಪ್ಪನ ಕಣ್ಣು ತುಂಬಿದವು. ಮುದುಕ ವಸ್ತಾದ ನನ್ನ ಪಾಳಿ ತಾನೇ ಮಾಡಿ ನನ್ನ ಹೆಸರಿಗೆ ಹಾಕ್ಯಾನ, ಅಂದರೆ ಮನಸ್ಸಿನಾಗ ಇನ್ನೂ ನಾನೇ ಇದ್ದೀನಿ. ಆಮೇಲೆ ಕೊಂಬಿನ ಕೆಳಗೆ ನೋಡಿದ. ಒಂಬತ್ತು ಗೀರು. ಯಾರದೂ ಅಷ್ಟು ಇರಲಿಲ್ಲ. ತುಂಬಿದ ಕಣ್ಣು ಅಲ್ಲೇ ಆರಿದವು.

ಪಂಚಮಿಗೆ ಎಂಟು ದಿನ ಇದ್ದಾಗ ಬೀಗ ತೆರೆಯಿತು. ಚಂದಾದ ಮಾತು ಬಗೆಹರಿಸಲಿಕ್ಕೆ, ತಾಲೀಮಿನ ಲೆಕ್ಕವನ್ನೂ ಬರೆಯುವ ಪುರಸಭೆಯ ಕಾರಕೂನ ಜಯತೀರ್ಥಾಚಾರ್ಯರು ಬಂದು ಫರಸಿಯ ಮೇಲೆ ಕೂತರು. ತಿಂಗಳಿಗೆ ಎಂಟಾಣೆ ಚಂದಾ. ಮುಚ್ಚಿದ ಎರಡು ತಿಂಗಳಿನದು ಯಾಕೆ ಕೊಡಬೇಕು ಅಂದರು ಕೆಲವರು. ಹಂಗಾದರೆ ಎಣ್ಣೆ, ಮಜ್ಜಿಗೆ ಎಲ್ಲಿಂದ ಬರುತ್ತದೆ ಅಂದರು ಆಚಾರ್ಯರು.

ವಸ್ತಾದ ಹೇಳಿದ, "ಜ್ವರ ಬಂದವರಿಗೆ ಮಾಫಿ ಮಾಡ್ರಿ ಆಚಾರ್ರ. ಐದು ಪಾಳಿ ಮಣ್ಣು ತಿರುವಿದವರಿಗೂ ಮಾಫಿ ಮಾಡ್ರಿ, ಅವರು ಬೆವರು ಕೊಟ್ಟಾರ. ಎರಡೂ ಇಲ್ಲದೆ ಮನ್ಯಾಗ ಕುಂತವರು ಪೂರಾ ಕೊಡಲಿ."

"ಬಾಕಿ ಇದ್ದವ ಪಂಚಮಿಗೆ ಕಣಕ್ಕೆ ಇಳಿಯಂಗಿಲ್ಲ, ಅದು ಹಳೇ ಕಾಯ್ದೆ. ನೆನಪದ ಅಲ್ಲ?" ಅಂದರು ಆಚಾರ್ಯರು. "ಪಂಚಮಿಗೆ ಎರಡು ದಿನ ಮೊದಲು ಬರ್ತೀನಿ. ಗ್ವಾಡಿ ನೋಡಿ ಬರಕೊಳ್ತೀನಿ."

ಅಂದಿನಿಂದ ಕಾಶಪ್ಪನಿಗೆ ನಿದ್ದೆ ಇಲ್ಲ. ಒಂಬತ್ತು ಗೀರು ಎಲ್ಲರೆದುರು ಓದಿದ ಮೇಲೆ ವಸ್ತಾದ ಈ ಪಂಚಮಿಗೆ ಕೀಲಿಯನ್ನು ಯಾರಿಗೆ ಕೊಡುತ್ತಾನೆ ಅನ್ನುವುದು ಕೇಳಲೇಬೇಕಿಲ್ಲ. ಪಂಚಮಿಯ ಹಿಂದಿನ ದಿನ ತಾಲೀಮಿಗೆ ಸುಣ್ಣ ಬಳಿಯುವುದು ಕೀಲಿ ಇಟ್ಟುಕೊಂಡವನ ಕೆಲಸ. ಕಾಶಪ್ಪ ಅದನ್ನು ಒಂದು ದಿನ ಮೊದಲೇ ಮಾಡಿದ. ಆಚಾರ್ಯರು ಬರುವ ಹೊತ್ತಿಗೆ ಗ್ವಾಡಿ ಬೆಳ್ಳಗೆ ಹೊಳೆಯುತ್ತಿತ್ತು.

"ಗೀರು ಎಲ್ಲಿ ಅವೋ ಮಾರಾಯ?"

"ಪಂಚಮಿ ಬಂತಲ್ರಿ. ಸುಣ್ಣಾ ಬಳದೀನಿ."

ಆಚಾರ್ಯರು ಶಾಯಿಯ ದೌತಿ ಮುಚ್ಚಿ ತೆರೆದರು. ಗ್ವಾಡಿ ಇಲ್ಲದಿದ್ದರೆ ಕೀಲಿ ಹಿಡಿದವನ ಮಾತೇ ಗ್ವಾಡಿ, ಅದು ತಾಲೀಮಿನ ರೂಢಿ, ವಸ್ತಾದನೂ ಮೀರುವಂತಿಲ್ಲ. "ಹಂಗಾರ ನೀನೇ ಹೇಳು," ಅಂದರು. ಕಾಶಪ್ಪ ಹೇಳಿದ. ಹದಿನಾಲ್ಕು ಜನರದ್ದು ಒಂದೂ ತಪ್ಪಲಿಲ್ಲ. ತನ್ನದು ಏಳು ಅಂದ. ಮಾಣಿಕಪ್ಪನ ಹೆಸರು ಬಂದಾಗ ಅಖಾಡದ ಮಣ್ಣು ನೋಡುತ್ತ, "ಮೂರು," ಅಂದ.

"ಒಂಬತ್ತು ಇದ್ದವಲ್ಲ ಅಣ್ಣಾ," ಅಂದ ಮಾಣಿಕಪ್ಪ. ಸಿಟ್ಟಿಲ್ಲ, ಮರೆತಿರಬೇಕು ಅನ್ನುವ ದನಿ.

"ನಾ ನೋಡಿದ್ದು ಮೂರು."

ವಸ್ತಾದ ಮೆಲ್ಲಗೆ ಹೇಳಿದ, "ಕಾಶ್ಯಾ, ನಿನ್ನ ಏಳರಾಗ ಎರಡು ಇವನವೇ. ನಿನ್ನ ಹೆಣ್ತಿ ಮಲಗಿದ್ದಾಗ ನನ್ನ ಕಡಿಂದ ಕೀಲಿ ಒಯ್ದ. ಗೀರು ನಿನ್ನ ಕೊಂಬಿನ ಕೆಳಗೇ ಹಾಕ್ಕೋ ಅಂತ ಇವಗ ಅಂದೆ. ಅಣ್ಣನ ಪಾಳಿ ಖಾಲಿ ಕಾಣಬಾರದು ಅಂದ."

ಕಾಶಪ್ಪನ ಎದೆಯಲ್ಲಿ ಏನೋ ಮುರಿಯಿತು. ಸುಳ್ಳು ಸಿಕ್ಕಿಬಿತ್ತಲ್ಲ ಅಂತ ಅಲ್ಲ. ಆ ಎರಡು ಗೀರನ್ನು ಅವ ವಸ್ತಾದನ ಪ್ರೀತಿ ಅಂತ ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ. ಅದೂ ಮಾಣಿಕಪ್ಪನದೇ ಆಯಿತು. ಸಂಕಟದಲ್ಲಿ ಹಟ ಇನ್ನೂ ಬಿಗಿಯಿತು. "ಮೂರೇ ಬರಕೊಳ್ರಿ ಆಚಾರ್ರ," ಅಂದ. ಅವರು ಮುಖ ಸಣ್ಣದು ಮಾಡಿಕೊಂಡು ಮೂರು ಅಂತ ಬರೆದರು. ಮಾಣಿಕಪ್ಪನ ಪಗಾರ ಆಗಲಿಕ್ಕೆ ಇನ್ನೂ ವಾರ ಇತ್ತು. ಒಂದು ರೂಪಾಯಿ ಬಾಕಿ ನಿಂತಿತು.

ಮನೆಯಲ್ಲಿ ಅಮೃತಮ್ಮ ಪಂಚಮಿಗೆ ಜೋಳದ ಅಳ್ಳು ಹುರಿಯುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ಗೆದ್ದಿರಿ ಬಿಡ್ರಿ," ಅಂದಳು. "ಇನ್ನ ಕಡೀ ಕುಸ್ತಿಗಿ ಬರೋ ಸೇಡಮಿನ ಪೈಲ್ವಾನನ್ನೂ ಒಗದು ಬರ್ರಿ. ಊರವರು ಏನು ಅಂತಾರ ಗೊತ್ತದ ಏನು? ಮಾಣಿಕಪ್ಪ ಇಲ್ಲದ್ದಕ್ಕ ಕಾಶಪ್ಪ ಇಳದ ಅಂತಾರ."

ಆ ಮಾತು ನೆಟ್ಟಿತು. ಕಾಶಪ್ಪ ಅಳ್ಳಿನ ಬುಟ್ಟಿಯ ಮುಂದೆ ಕೂತು ಎಲ್ಲಾ ದಾರಿ ತಿರುವಿ ನೋಡಿದ. ತಾನು ಸೋತರೆ, ಮಾಣಿಕಪ್ಪ ಇದ್ದಿದ್ದರೆ ಗೆಲ್ಲುತ್ತಿದ್ದ ಅಂತಾರೆ. ಗೆದ್ದರೆ, ಮಾಣಿಕಪ್ಪ ಇದ್ದಿದ್ದರೆ ಇನ್ನೂ ಲಗೂ ಗೆಲ್ಲುತ್ತಿದ್ದ ಅಂತಾರೆ. ಕಣಕ್ಕೆ ಇಳಿಯದೆಯೇ ಅವ ಗೆಲ್ಲುತ್ತಾನೆ, ಸಾಯುವ ತನಕ ಗೆಲ್ಲುತ್ತಲೇ ಇರುತ್ತಾನೆ. ಇಳಿದರೆ ಬೀಳಬಹುದು. ಇಳಿಯದವನನ್ನು ಯಾರು ಬೀಳಿಸಬೇಕು?

ಪಂಚಮಿಯ ಬೆಳಿಗ್ಗೆ ಕಾಶಪ್ಪ ತಾಲೀಮಿಗೆ ಹೋಗಿ ಉಡಿದಾರದಿಂದ ಕೀಲಿ ಬಿಚ್ಚಿ ವಸ್ತಾದನ ಮುಂದೆ ಇಟ್ಟ. ಆಚಾರ್ಯರು ಕುಸ್ತಿ ಜೋಡಿಗಳ ಯಾದಿ ಹಿಡಿದು ಕೂತಿದ್ದರು. "ಮಾಣಿಕಪ್ಪನವು ಒಂಬತ್ತು ಇದ್ದವ್ರಿ," ಅಂದ ಕಾಶಪ್ಪ. "ನಂದು ಐದು."

ಆಚಾರ್ಯರು ಮೂರನ್ನು ಹೊಡೆದು ಹಾಕಿ, ಚಂದಾ ಮಾಫಿ ಅಂತ ಬರೆದರು. ಸುಳ್ಳು ಹೇಳಿದವನ ಕೈಯಲ್ಲಿ ಕೀಲಿ ಉಳಿಯುವುದಿಲ್ಲ. ವಸ್ತಾದ ಅದನ್ನು ಎತ್ತಿ ಮಾಣಿಕಪ್ಪನಿಗೆ ಕೊಟ್ಟ.

"ಇರಲಿ ಬಿಡ್ರಿ ವಸ್ತಾದರ, ಈ ವರ್ಷ ಅಣ್ಣನೇ ಇಳಿಲಿ," ಅಂದ ಮಾಣಿಕಪ್ಪ.

"ನೀ ಸುಮ್ಮ ಇಳಿಯೋ," ಅಂದ ಕಾಶಪ್ಪ, ಹಲ್ಲು ಕಚ್ಚಿ. ಆ ದೊಡ್ಡತನ ಒಂದನ್ನು ಮಾತ್ರ ತಾಳಿಕೊಳ್ಳುವ ಶಕ್ತಿ ಅವನಿಗೆ ಇರಲಿಲ್ಲ.

ಸಂಜೆ ಮಾಣಿಕಪ್ಪ ಸೇಡಮಿನವನನ್ನು ಹತ್ತು ನಿಮಿಷಕ್ಕೆ ಬೆನ್ನ ಮೇಲೆ ಕೆಡವಿದ. ಹಲಗೆ ಬಾರಿಸುತ್ತ ಅವನನ್ನು ಹೊತ್ತು ಮೆರೆಸಿದರು. ಕಾಶಪ್ಪ ಮನೆಗೆ ಬಂದು ಕಾಲು ತೊಳೆದ.

"ಏನಾಯ್ತರಿ?"

"ಗೆದ್ದ."

"ಹೊಟ್ಟಿ ಉರಿಲಿಕತ್ತದೇನು?"

"ಹ್ಞೂಂ."

ಅಮೃತಮ್ಮ ಎರಡು ಉಂಡಿ, ಒಂದು ತಂಬಿಗೆ ಮಜ್ಜಿಗೆ ತಂದಿಟ್ಟಳು. ಅವ ಎರಡೂ ಉಂಡಿ ತಿಂದ.

ಆ ಉರಿ ಮುಂದೆಯೂ ಆರಲಿಲ್ಲ. ಕಾಶಪ್ಪ ತಾಲೀಮು ಬಿಡಲಿಲ್ಲ, ಮಾಣಿಕಪ್ಪನ ಹೆಸರನ್ನು ಬಾಯಿಗೆ ತರಲೂ ಇಲ್ಲ. ಒಂದು ರೂಢಿ ಮಾತ್ರ ಹಿಡಿದ. ಪ್ರತಿ ತಿಂಗಳ ಒಂದನೆಯ ತಾರೀಖು, ಖಣಿಗೆ ಹೋಗುವ ಮೊದಲು, ಆಚಾರ್ಯರ ಮನೆಯ ಕದ ಬಡಿದು ಎಂಟಾಣೆ ಚಂದಾ ಕಟ್ಟುತ್ತಿದ್ದ. ಆಚಾರ್ಯರು ಇನ್ನೂ ಮುಖ ತೊಳೆದಿರುತ್ತಿರಲಿಲ್ಲ.

"ಸಂಜಿಗಿ ತಾಲೀಮಿಗೇ ಬರ್ತೀನಲ್ಲೋ ಕಾಶಪ್ಪ, ಇಷ್ಟು ಯಾಕ ಅವಸರ?"

"ಈಗೇ ಬರೀರಿ ಆಚಾರ್ರ," ಅನ್ನುತ್ತಿದ್ದ. ಅವರು ಬರೆದ ಮೇಲೂ ಹೋಗುತ್ತಿರಲಿಲ್ಲ. ಮೂರನೆಯ ಇಯತ್ತೆ ಕಲಿತ ಕಣ್ಣಿನಿಂದ ಬಗ್ಗಿ, ಆ ತಿಂಗಳ ಯಾದಿಯಲ್ಲಿ ತನ್ನ ಹೆಸರಿನ ಮೇಲೆ ಇನ್ನೊಂದು ಹೆಸರು ಇಲ್ಲ ಅನ್ನುವುದನ್ನು ನೋಡಿಕೊಂಡೇ ಹೊರಡುತ್ತಿದ್ದ.